ಕಾಳಯ್ಯನ ಗಡ್ಡೆ, ರಾಯರ ಗಡ್ಡೆ

ಪಕ್ಕದವರ ಮನೆ ಕಂಡು ಹೊಟ್ಟೆ ಉರಿದುಕೊಳ್ಳುವವರಿದ್ದಾರೆ. ಕಾರು ಕಂಡು, ಸೊಸೆ ತಂದ ಚಿನ್ನ ಕಂಡು ಉರಿದುಕೊಳ್ಳುವವರೂ ಇದ್ದಾರೆ. ಹಿನಕಲ್‌ನ ಕಾಳಯ್ಯ ಹೊಟ್ಟೆ ಉರಿದುಕೊಂಡದ್ದು ಇನ್ನೊಬ್ಬರ ಕುತ್ತಿಗೆಯ ಗಡ್ಡೆ ಕಂಡು.

ಅದಕ್ಕೆ ಮುಂಚೆ ಅವನಿಗೆ ಯಾರನ್ನು ಕಂಡೂ ಕರುಬುವ ಅಗತ್ಯ ಬಿದ್ದಿರಲಿಲ್ಲ. ಅವನು ನೀರು ಬಿಡುವವನು. ಉದ್ದನೆಯ ಕಬ್ಬಿಣದ ಕೀಲಿಯನ್ನು ಮೊದಲು ಸೈಕಲ್ಲಿಗೆ, ಆಮೇಲೆ ಟಿವಿಎಸ್ಸಿಗೆ ಕಟ್ಟಿಕೊಂಡು ಹಿನಕಲ್‌ನಿಂದ ವಿಜಯನಗರದ ಬಡಾವಣೆಗಳ ತನಕ ಗುಂಡಿ ಗುಂಡಿಗೂ ಇಳಿದು ವಾಲ್ವ್ ತಿರುಗಿಸುತ್ತಿದ್ದ. ಅವನು ತಿರುಗಿಸಿದರೆ ನೀರು, ಇಲ್ಲದಿದ್ದರೆ ಬರೀ ಗಾಳಿ. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವನು. ಆ ಹಳ್ಳಿಯ ಹೊಲಗಳ ಮೇಲೆ ಸೈಟು ಎದ್ದು, ಸೈಟಿನ ಮೇಲೆ ಮನೆ ಎದ್ದು, ಆ ಮನೆಗಳವರೆಲ್ಲ ಬೆಳಿಗ್ಗೆ ಕೊಡ ಹಿಡಿದು ಇವನ ದಾರಿ ಕಾಯುವಂತಾದದ್ದನ್ನು ನೋಡಿದವನು. ದಿನಗೂಲಿಯವರನ್ನು ಕಾಯಂ ಮಾಡಿ ಎಂದು ವರ್ಷಗಟ್ಟಲೆ ಕೂಗಿದ ಗುಂಪಿನಲ್ಲಿ ಮುಂದಿನ ಸಾಲಿನವನು. ಮೈಕು ಕೆಟ್ಟರೆ ಚಿಂತೆಯಿಲ್ಲ, ಕಾಳಯ್ಯನ ಗಂಟಲಿದೆ ಎನ್ನುತ್ತಿದ್ದರು ಜೊತೆಯವರು.

ಆ ಗಂಟಲಿನ ಪಕ್ಕದಲ್ಲೇ ಗಡ್ಡೆ ಎದ್ದದ್ದು. ಗುಂಡಿಯೊಳಗೆ ಬಗ್ಗಿದಾಗ ಅಂಗಿಯ ಕಾಲರು ಒತ್ತುತ್ತಿದೆ ಎಂದು ಮುಟ್ಟಿ ನೋಡಿಕೊಂಡರೆ ಅಡಿಕೆಯಷ್ಟು ದಪ್ಪ. ನೋವಿರಲಿಲ್ಲ. ನೋವಿಲ್ಲವಲ್ಲ ಅಂತ ಬಿಟ್ಟ. ಅದು ನಿಂಬೆಹಣ್ಣಿನಷ್ಟಾದ ಮೇಲೆ ಹೆಂಡತಿ ಬಸವಮ್ಮ ಬಯ್ದು ಆಸ್ಪತ್ರೆಗೆ ಅಟ್ಟಿದಳು. ಗಡ್ಡೆಯ ಚೂರು ತೆಗೆದು ನೋಡಿ, ಲಿಂಫೋಮಾ ಅಂದರು. ರಕ್ತದ ಜೊತೆಗೇ ಹರಿಯುವ ಇನ್ನೊಂದು ರಸವಿದೆಯಂತೆ, ಆ ರಸದ ಗಂಟುಗಳಿಗೆ ಹಿಡಿಯುವ ಕ್ಯಾನ್ಸರಂತೆ.

ಕುತ್ತಿಗೆಗೆ ಬಿಳಿ ಪಟ್ಟಿ ಅಂಟಿಸಿಕೊಂಡು ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತಿದ್ದಾಗ ಪಕ್ಕದಲ್ಲಿ ಇನ್ನೊಂದು ಬಿಳಿ ಪಟ್ಟಿ ಬಂದು ಕೂತಿತು. ತಿರುಗಿ ನೋಡಿದರೆ ವಿಜಯನಗರದ ಬಿಂದುಮಾಧವರಾಯರು.

"ಏನ್ ಸಾ, ನೀವೂನಾ?"

"ಅಯ್ಯೋ ಕಾಳಯ್ಯ, ನೀನೂನೇನೋ! ಏನ್ ಗ್ರಹಚಾರವಪ್ಪಾ ಇದು."

"ಯಾವ್ ಕಡೆ ಸಾ?"

"ಎಡಗಡೆ."

"ನಂದೂ ಎಡಗಡೇನೇ ಸಾ."

ರಾಯರ ತಾತ ಅರಮನೆಯ ಉಗ್ರಾಣದಲ್ಲಿ ಲೆಕ್ಕ ಬರೆಯುತ್ತಿದ್ದವರು. ರಾಯರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತರಾದವರು. ಬೀದಿಯ ಪೈಪಿಗೇ ನೇರವಾಗಿ ಮೋಟಾರು ಹಚ್ಚಿ, ಹಿಂದಿನ ಮನೆಗಳಿಗೆ ಹೋಗುವ ನೀರನ್ನೂ ತಮ್ಮ ಸಂಪಿಗೆ ಎಳೆದುಕೊಳ್ಳುತ್ತಿದ್ದ ಬುದ್ಧಿವಂತರು. ಕಾಳಯ್ಯ ಎರಡು ಸಲ ಅದನ್ನು ಬಿಚ್ಚಿಸಿದ್ದ. ಎರಡು ಸಲವೂ ಅದು ಮತ್ತೆ ಹತ್ತಿತ್ತು. ಬಿಸಿಲಿನಲ್ಲಿ ಕುಡಿಯಲು ನೀರು ಕೇಳಿದರೆ ಅವರ ಹೆಂಡತಿ ಚಂದ್ರಮತಮ್ಮ ಇಲ್ಲ ಅನ್ನುತ್ತಿರಲಿಲ್ಲ. ಲೋಟವನ್ನು ಕೈಗೆ ಕೊಡದೆ ಕಾಂಪೌಂಡಿನ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ಊರಿಗೆ ನೀರು ಬಿಡುವವನಿಗೆ ಆ ಮನೆಯ ನೀರು ಸಿಗುತ್ತಿದ್ದದ್ದು ಹೀಗೆ.

ಅಂಥ ರಾಯರಿಗೂ ಅದೇ ರೋಗ, ಅದೇ ಎಡಗಡೆ. ಮನೆಗೆ ಬಂದ ಕಾಳಯ್ಯನ ಮುಖ ಬೆಳಗಿತ್ತು.

"ಲೇ ಬಸಮ್ಮಿ, ಆ ಮೋಟ್ರು ರಾಯ್ರಿಗೂ ನಂದೇ ಕಾಯ್ಲೆ ಕಣೇ!"

"ಅದಕ್ಯಾಕಂಗೆ ಹಲ್ಲು ಬುಡ್ತೀಯ? ಮಗಳ ಲಗ್ನಪತ್ರಿಕೆ ತಂದೋನಂಗೆ?"

ಅವನಿಗೆ ಸಮಾಧಾನವಾದದ್ದು ನಿಜ. ರೋಗಕ್ಕೆ ಮೇಲು ಕೀಳು ಇಲ್ಲ ಅಂತ ಎಷ್ಟೋ ಸಭೆಗಳಲ್ಲಿ ಕೇಳಿದ್ದ ಮಾತು ತನ್ನ ಕುತ್ತಿಗೆಯ ಮೇಲೇ ರುಜುವಾತಾಯಿತಲ್ಲ! ಸಾಯುವುದಾದರೆ ಇಬ್ಬರೂ, ಬದುಕುವುದಾದರೆ ಇಬ್ಬರೂ. ಹಾಗಂದುಕೊಂಡೇ ಒಂದು ವಾರ ನೆಮ್ಮದಿಯಾಗಿ ಮಲಗಿದ.

ಆದರೆ ಡಾಕ್ಟರು ಸಮನ್ವಿತಾ, ಕನ್ನಡಕದ ಚುರುಕು ಹುಡುಗಿ, ಇಬ್ಬರಿಗೂ ಹೇಳಿದ್ದರು: "ರೋಗದ ಹೆಸರು ಗೊತ್ತಾಯ್ತು, ಗುಣ ಗೊತ್ತಾಗ್ಬೇಕು. ಮಾರ್ಕರ್ ಟೆಸ್ಟ್ ಅಂತ ಇದೆ. ಗಡ್ಡೆಯ ಚೂರನ್ನ ತೆಳ್ಳಗೆ ಹೆರೆದು ಬಣ್ಣ ಹಾಕ್ತಾರೆ. ಯಾವ ಬಣ್ಣ ಎಷ್ಟು ಹಿಡೀತು ಅನ್ನೋದರ ಮೇಲೆ ಯಾವ ಮದ್ದು ಕೊಡ್ಬೇಕು, ಎಷ್ಟು ಜನ ಉಳೀತಾರೆ ಅಂತ ಒಂದು ಅಂದಾಜು ಸಿಗುತ್ತೆ."

ಆ ಚೂರನ್ನು ಮೇಣದಲ್ಲಿ ಕೂರಿಸಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬಿಲ್ಲೆ ಮಾಡಿರುತ್ತಾರೆ. ಬಣ್ಣ ಹಾಕುವ ಲ್ಯಾಬು ಊರಿನ ಇನ್ನೊಂದು ಕೊನೆಯಲ್ಲಿ. ಬಿಲ್ಲೆಯನ್ನು ಅಲ್ಲಿಗೆ ರೋಗಿಯ ಕಡೆಯವರೇ ಒಯ್ಯಬೇಕು, ಪದ್ಧತಿ ಹಾಗಿದೆ. ಕಾಳಯ್ಯನ ಮಗಳು ಗೌತಮಿ ಅರಸು ರಸ್ತೆಯ ಒಂದು ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳು ಸ್ಕೂಟರು ತೆಗೆಯುವಾಗ ಚಂದ್ರಮತಮ್ಮ ಮಂಡಿ ಹಿಡಿದುಕೊಂಡು ಬಂದು, "ನಮ್ಮದೂ ಒಂದು ತಗೊಂಡೋಗಿ ಕೊಟ್ಬಿಡಮ್ಮ, ಪುಣ್ಯ ಬರುತ್ತೆ" ಅಂದರು. ಏಪ್ರಿಲ್ಲಿನ ಬಿಸಿಲಿಗೆ ಮೇಣ ಕರಗೀತೆಂದು ಗೌತಮಿ ಎರಡೂ ಬಿಲ್ಲೆಗಳನ್ನು ತನ್ನ ಊಟದ ಡಬ್ಬಿಯಲ್ಲಿಟ್ಟು, ಮೇಲೆ ಒದ್ದೆ ಬಟ್ಟೆ ಸುತ್ತಿ, ಒಯ್ದು ಕೊಟ್ಟು ಬಂದಳು.

ರಿಪೋರ್ಟು ಬಂತು. ಡಾಕ್ಟರು ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದರು. ಕಾಳಯ್ಯನ ಚೂರಿನ ತುಂಬ ಕಂದು ಬಣ್ಣ, ಹೊಗೆಸೊಪ್ಪು ಅಗಿದು ಉಗಿದ ಗೋಡೆಯ ಹಾಗೆ.

"ಎರಡು ಮಾರ್ಕರ್ ಒಟ್ಟಿಗೆ ಜಾಸ್ತಿ ಬಂದಿವೆ. ಇದು ಸ್ವಲ್ಪ ಒರಟು ಜಾತಿ. ಬಂದು ಹೋಗಿ ಮಾಡೋ ಮಾಮೂಲಿ ಮದ್ದು ಇದಕ್ಕೆ ಸಾಲದು ಅಂತ ನನಗನ್ಸುತ್ತೆ. ವಾರ್ಡಿಗೆ ಸೇರ್ಕೋಬೇಕು. ಹಗಲೂ ರಾತ್ರಿ ಬಿಡದೆ ಡ್ರಿಪ್ ಕೊಡ್ತೀವಿ."

"ಉಳಿಯೋರು ಎಷ್ಟು ಜನವ್ವ?"

"ಹತ್ತರಲ್ಲಿ ಐದು ಅಂದ್ಕೊಳಿ. ಆದ್ರೆ ಅದು ಗುಂಪಿನ ಲೆಕ್ಕ. ನಿಮ್ಮೊಬ್ಬರ ಹಣೇಬರಹ ಅದರಲ್ಲಿ ಬರೆದಿಲ್ಲ."

ಕಾಳಯ್ಯ ಹೊರಗೆ ಬಂದರೆ ರಾಯರು ಬೆಂಚಿನ ಮೇಲೆ ಕೂತು ತಮ್ಮ ರಿಪೋರ್ಟಿನ ಜೆರಾಕ್ಸನ್ನು ಪರಿಚಯದವರಿಗೆಲ್ಲ ತೋರಿಸುತ್ತಿದ್ದರು, ಮೊಮ್ಮಗನಿಗೆ ರ‍್ಯಾಂಕ್ ಬಂದವರ ಹಾಗೆ.

"ನಂದು ಒಳ್ಳೇ ಗುಂಪಿಗೆ ಸೇರಿದೆ ಕಣಯ್ಯ. ಏಳೆಂಟು ಜನ ಉಳೀತಾರಂತೆ ಹತ್ತರಲ್ಲಿ. ಬೆಳಿಗ್ಗೆ ಬಂದು ಮದ್ದು ಹಾಕಿಸ್ಕೊಂಡು ಸಂಜೆ ಮನೆಗೆ ಹೋಗೋದು, ಅಷ್ಟೇ. ನಿಂದೇನು ಬಂತು?"

"ನೋಡ್ಬೇಕು ಸಾ" ಎಂದವನೇ ನಡೆದುಬಿಟ್ಟ.

ಉರಿ ಹತ್ತಿದ್ದು ಅಲ್ಲಿಂದ. ಹತ್ತರಲ್ಲಿ ಐದು ಅನ್ನುವುದು ಅವನನ್ನು ಅಷ್ಟು ಸುಡಲಿಲ್ಲ. ಏಳೆಂಟು ಅನ್ನುವುದು ಸುಟ್ಟಿತು. ನೀರು ಬಂದಾಗ ಮೊದಲು ತುಂಬುತ್ತಿದ್ದದ್ದು ಅವರ ಸಂಪು, ಈಗ ಆಯಸ್ಸೂ ಅವರಿಗೇ ಮೊದಲು ತುಂಬಬೇಕೇ? ತಾನು ಗುಂಡಿ ಇಳಿದವನು, ಕೆಸರು ಬಳಿದವನು, ಒಂದು ದಿನವೂ ಜ್ವರ ಅಂತ ಮಲಗದವನು. ಆ ಮನುಷ್ಯ ಫ್ಯಾನಿನ ಕೆಳಗೆ ಕೂತು ಉಪ್ಪಿಟ್ಟು ತಿಂದವನು. ರೋಗ ಸಮನಾಗಿ ಬಂತಲ್ಲ ಅಂದುಕೊಂಡಿದ್ದರೆ ರೋಗದೊಳಗೂ ಮೇಲುಕೇರಿ ಕೆಳಕೇರಿ ಇದೆಯಂತೆ! ರಾಯರು ನಕ್ಕರೆ ಉರಿ, ಕೆಮ್ಮಿದರೆ ಸಂತೋಷ. ಅವರ ಮೊದಲ ಮದ್ದಿನ ದಿನ ಕೆಲಸವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ, ಬಾಗಿಲ ಸಂದಿಯಿಂದ ಇಣುಕಿ, ಅವರು ವಾಂತಿ ಮಾಡಿಕೊಳ್ಳುತ್ತಾರಾ ಎಂದು ಕಾದ. ರಾಯರು ಮಾಡಿಕೊಳ್ಳಲಿಲ್ಲ. ಬಿಸ್ಕತ್ತು ತಿಂದು ಪೇಪರು ಓದಿದರು.

ಹೊಟ್ಟೆಕಿಚ್ಚಿಗೆ ಸೌದೆ ತಾನಾಗಿಯೇ ಸಿಗುತ್ತದೆ. ಒಂದು ಬೆಳಿಗ್ಗೆ ಮುದ್ದೆ ಮುರಿಯುತ್ತಿದ್ದವನಿಗೆ ಊಟದ ಡಬ್ಬಿಯ ನೆನಪಾಯಿತು. ಎರಡು ಬಿಲ್ಲೆ, ಒಂದೇ ಡಬ್ಬಿ.

ಹಿಂದೊಮ್ಮೆ ಒಂದು ಬೀದಿಯಲ್ಲಿ ನಲ್ಲಿ ನೀರು ನಾರುತ್ತಿತ್ತು. ಎಂಜಿನಿಯರು ನಕಾಶೆ ಹರಡಿ, ಕುಡಿಯುವ ನೀರಿನ ಪೈಪು ಬೇರೆ, ಮೋರಿ ಪೈಪು ಬೇರೆ, ಕೂಡುವ ಮಾತೇ ಇಲ್ಲ ಅಂದಿದ್ದ. ಕಾಳಯ್ಯ ಹಟ ಹಿಡಿದು ಅಗೆಸಿದ. ಒಂದೇ ಗುಂಡಿಯಲ್ಲಿ ಎರಡೂ ಕೂಡಿದ್ದವು. ಅವತ್ತಿನಿಂದ ಅವನದೊಂದು ಗಾದೆ: ಎರಡು ಪೈಪು ಒಂದೇ ಗುಂಡೀಲಿ ಹೋದ್ರೆ ಒಂದಲ್ಲ ಒಂದಿನ ಅದಲುಬದಲಾಗೇ ಆಗ್ತವೆ, ನಂಬರು ನಂಬಬ್ಯಾಡ, ಅಗೆದು ನೋಡು.

"ಗೌತಮೀ, ಆ ಬಿಲ್ಲೆ ನೀನು ಅದಲುಬದಲು ಮಾಡ್ಬುಟ್ಟೆ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. "ಯಾವ ಬಿಲ್ಲೆ ಅಪ್ಪ?"

"ರಾಯರದ್ದು ನಂದು ಅಂತ ಕೊಟ್ಬುಟ್ಟಿದೀಯ, ನಂದು ರಾಯರದ್ದು ಅಂತ. ಆ ಒಳ್ಳೆ ರಿಪೋರ್ಟು ನಂದು. ನಿನ್ನ ಕೈಯಾರ ನನ್ನ ಆಯಸ್ಸು ತಗೊಂಡೋಗಿ ಆ ಮನೆಯೋರ ಮಡಿಲಿಗೆ ಸುರ‍್ದು ಬಂದೆ."

"ಬಿಲ್ಲೆ ಮೇಲೇ ನಂಬರ್ ಅಚ್ಚಾಗಿರುತ್ತೆ ಅಪ್ಪ. ನಾನು ಬರೀ ಕೊಟ್ಟು ಬಂದೋಳು."

"ನಂಬರು! ನನ್ನ ವಾಲ್ವ್‌ಗಳ ಮೇಲೂ ನಂಬರು ಅವೆ. ಪುಣ್ಯ ಬರುತ್ತೆ ಅಂದ್ಲಲ್ಲ ಆಯಮ್ಮ, ಬಂತಾ ಪುಣ್ಯ? ಯಾರಿಗ್ ಬಂತು?"

ಗೌತಮಿ ತಟ್ಟೆ ಬಿಟ್ಟು ಎದ್ದಳು. ಬಸವಮ್ಮ ಸೌಟು ಹಿಡಿದೇ ಬಂದಳು. "ನಿನ್ ನಾಲಗೆಗೆ ಗಡ್ಡೆ ಎದ್ದಿದ್ರೆ ಚೆನ್ನಾಗಿತ್ತು ಕಣೋ ಮೂದೇವಿ!"

ಕಾಳಯ್ಯ ಬಗ್ಗಲಿಲ್ಲ. ಡಾಕ್ಟರ ಮುಂದೆ ಹೋಗಿ ಕೂತು, ಆ ಒರಟು ಮದ್ದು ರಾಯರಿಗೆ ಸೇರಬೇಕಾದದ್ದು, ನನಗೆ ಅವರ ಮಾಮೂಲಿ ಮದ್ದು ಕೊಡಿ, ಇಲ್ಲಾಂದ್ರೆ ಮದ್ದೇ ಬೇಡ ಅಂದ. ಡಾಕ್ಟರು ಬಿಲ್ಲೆಯ ಚೌಕಟ್ಟು ತರಿಸಿ ನಂಬರು ತೋರಿಸಿದರು. ಇವನು ತಲೆ ಅಲ್ಲಾಡಿಸಿದ.

"ಕಾಳಯ್ಯನೋರೆ, ಒಂದೊಂದು ವಾರ ತಡ ಮಾಡಿದ್ರೂ ಅದು ಬೆಳೆಯುತ್ತೆ. ಈ ಜಾತಿ ಕಾಯೋದಲ್ಲ."

"ಇನ್ನೊಂದು ಸಲ ಅಗೆದು ನೋಡಿ ತಾಯಿ. ಆಮೇಲೆ ನೀವು ಹೇಳ್ದಂಗೆ."

ಅವನ ಕಂಕುಳಲ್ಲೂ ಒಂದು ಗಂಟು ಎದ್ದಿತ್ತು. ಕೊನೆಗೆ ಡಾಕ್ಟರು ಸೋತು, ಅದರಿಂದ ಸೂಜಿಯಲ್ಲಿ ಚೂರು ತೆಗೆದು ಹೊಸದಾಗಿ ಪರೀಕ್ಷೆ ಮಾಡಿಸೋಣ, ಆಸ್ಪತ್ರೆಯವರೇ ಲ್ಯಾಬಿಗೆ ಕಳಿಸುತ್ತಾರೆ ಅಂದರು. ದಿನ ಗೊತ್ತಾಯಿತು. ಬಿಲ್ಲೆ ಅದಲುಬದಲಾಗಿದೆ, ಮತ್ತೆ ಟೆಸ್ಟು ಇದೆ ಅನ್ನುವ ಸುದ್ದಿಯನ್ನು ಕಾಳಯ್ಯ ವಿಜಯನಗರದ ಬೀದಿಯಲ್ಲಿ, ರಾಯರ ಕಿವಿಗೆ ಬೀಳುವ ಹಾಗೆ, ಹೇಳಬೇಕಾದವರಿಗೆಲ್ಲ ಹೇಳಿದ.

ಎರಡು ದಿನ ಕಳೆಯುವುದರೊಳಗೆ ಹಿನಕಲ್‌ನ ಅವನ ಓಣಿಗೆ ಆಟೋ ಬಂತು. ಇಳಿದವರು ರಾಯರು. ಉದುರಲು ಶುರುವಾದ ಕೂದಲಿನ ಮೇಲೆ ಮಫ್ಲರು. ಇಷ್ಟು ವರ್ಷಗಳಲ್ಲಿ ಆ ಮನುಷ್ಯ ಈ ಓಣಿಗೆ ಕಾಲಿಟ್ಟವರಲ್ಲ. ಬಂದವರು ಬಾಗಿಲಲ್ಲಿ ನಿಲ್ಲದೆ ಸೀದಾ ಒಳಗೆ ಬಂದು ಮಂಚದ ಮೇಲೆ ಕೂತರು. ಬಸವಮ್ಮ ಬೇಕೆಂದೇ ಕಾಫಿ ತಂದಿಟ್ಟಳು. ರಾಯರು ಹಿಂದೆ ಮುಂದೆ ನೋಡದೆ ಅದನ್ನು ಗಟಗಟ ಕುಡಿದುಬಿಟ್ಟರು.

"ಕಾಳಯ್ಯ, ಆ ಟೆಸ್ಟು ಮಾಡಿಸ್ಬೇಡವೋ."

"ಯಾಕ್ ಸಾ?"

"ನಿನ್ನದು ಒಳ್ಳೇದು ಅಂತ ಬಂದ್ರೆ ನನ್ನ ಗತಿ ಏನು? ನನಗೆ ಆಗಲೇ ಮದ್ದು ಶುರುವಾಗಿದೆ. ಮನೇಲಿ ಇವಳು ಎರಡು ದಿನದಿಂದ ಊಟ ಮಾಡಿಲ್ಲ."

"ನಂದು ಕೆಟ್ಟದ್ದು ಅಂತ ಬಂದಾಗ ನೀವು ಜೆರಾಕ್ಸ್ ಹಂಚ್ತಿದ್ರಿ ಸಾ."

"ನೀನು ಹೇಳ್ಲೇ ಇಲ್ಲವಲ್ಲಪ್ಪ. ನನಗೆ ಹೇಗೆ ಗೊತ್ತಾಗ್ಬೇಕು?"

"ಕೇಳುದ್ರಾ? ಇನ್ನೊಂದು ಸಲ ಕೇಳುದ್ರಾ?"

ರಾಯರ ದೃಷ್ಟಿ ಕಾಳಯ್ಯನ ಕುತ್ತಿಗೆಯ ಮೇಲೇ ನೆಟ್ಟಿತ್ತು. ಆ ನೋಟ ಯಾವುದು ಅಂತ ಕಾಳಯ್ಯನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದೇ ನೋಟವನ್ನು ಇಟ್ಟುಕೊಂಡು ಅವನು ಇಷ್ಟು ದಿನ ಆಸ್ಪತ್ರೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ. ಕೆಮಿಸ್ಟ್ರಿ ಮೇಷ್ಟ್ರು ತನ್ನ ಗಡ್ಡೆಗೆ ಕರುಬುತ್ತಿದ್ದಾನೆ! ಆ ರಾತ್ರಿ ಕಾಳಯ್ಯ ಹೊಟ್ಟೆ ತುಂಬ ಉಂಡ.

"ಪ್ರಾಣಕ್ಕೆ ಬಂದ್ರೆ ಮಡಿ ಮೈಲಿಗೆ ಎಲ್ಲಾ ಓಡೋಗುತ್ತೆ" ಅಂದಳು ಬಸವಮ್ಮ, ಲೋಟ ತೊಳೆಯುತ್ತಾ. "ಆದ್ರೆ ಒಂದು ನೋಡ್ದಾ? ಅವರ ಗಡ್ಡೆ ಆಗಲೇ ಇಳಿದೋಗದೆ. ನಿಂದು ನೋಡ್ಕೋ, ಕನ್ನಡಿ ಅಲ್ಲೈತೆ."

ಕಾಳಯ್ಯ ನೋಡಿಕೊಳ್ಳಲಿಲ್ಲ. ಮುಟ್ಟಿ ನೋಡಿದರೆ ಸಾಕಿತ್ತು. ಅಂಗಿಯ ಮೇಲಿನ ಗುಂಡಿ ಈಗ ಹಾಕಲಾಗುತ್ತಿರಲಿಲ್ಲ.

ಸೂಜಿ ಚುಚ್ಚಿಸಿಕೊಂಡ. ವಾರ ಕಾದ. ಕರೆ ಬಂದಾಗ ಗೌತಮಿ ಅಂಗಡಿಗೆ ರಜೆ ಹಾಕಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದಳು. ಬಿಲ್ಲೆಯ ಮಾತು ಬಂದ ದಿನದಿಂದ ಅವಳು ಅವನ ಜೊತೆ ಮಾತು ಬಿಟ್ಟಿದ್ದಳು. ಗಾಡಿ ಹತ್ತು ಅಂತಲೂ ಹೇಳಲಿಲ್ಲ, ಸ್ಕೂಟರು ತಂದು ನಿಲ್ಲಿಸಿ ಹಾರನ್ನು ಹೊಡೆದಳು.

ಡಾಕ್ಟರು ಮತ್ತೆ ಪರದೆ ತಿರುಗಿಸಿದರು. ಅದೇ ಕಂದು ಬಣ್ಣ, ಅದೇ ಎರಡು ಮಾರ್ಕರು.

"ಏನೂ ಅದಲುಬದಲಾಗಿಲ್ಲ. ನಿಮ್ಮ ಮಗಳು ಸರಿಯಾಗೇ ಕೊಟ್ಟಿದ್ರು. ಈ ಗಲಾಟೇಲಿ ನೀವು ಮೂರು ವಾರ ಕಳ್ಕೊಂಡ್ರಿ. ಇವತ್ತೇ ಅಡ್ಮಿಟ್ ಆಗಿ."

ಕಾಳಯ್ಯ ಪರದೆಯನ್ನು ಬಹಳ ಹೊತ್ತು ನೋಡಿದ. ಅಗೆದದ್ದಾಯಿತು. ತೋಡಿದ ಗುಂಡಿಯಲ್ಲಿ ಪೈಪುಗಳು ತಂತಮ್ಮ ಪಾಡಿಗೆ ಸರಿಯಾಗಿಯೇ ಹೋಗುತ್ತಿದ್ದವು.

ಹೊರಗೆ ಬೆಂಚಿನ ಮೇಲೆ ರಾಯರೂ ಚಂದ್ರಮತಮ್ಮನೂ ಕೂತಿದ್ದರು. ಅವತ್ತು ಅವರ ಮದ್ದಿನ ದಿನವಲ್ಲ. ಇವನ ರಿಪೋರ್ಟಿಗಾಗಿಯೇ ಬಂದು ಕಾದಿದ್ದರು.

"ಏನ್ ಬಂತಪ್ಪಾ?" ರಾಯರು ಬೆಂಚಿನಿಂದ ಅರ್ಧ ಎದ್ದರು.

ಕಾಳಯ್ಯ ಅವರ ಮುಖ ನೋಡಿದ. "ಇನ್ನೂ ಬಂದಿಲ್ಲ ಸಾ" ಅಂದ. ಅಂದು ಮುಂದೆ ನಡೆದ. ಇನ್ನೊಂದು ವಾರ ಬೇಯಲಿ ಮಗ, ಬಿಸ್ಕತ್ತು ತಿಂದದ್ದೆಲ್ಲ ಇಳಿಯಲಿ.

ಹತ್ತು ಹೆಜ್ಜೆ ಹೋದ ಮೇಲೆ ಮಗಳು ಹಿಂದೆ ಬರುತ್ತಿಲ್ಲ ಅಂತ ಗೊತ್ತಾಗಿ ತಿರುಗಿದ. ಗೌತಮಿ ಬೆಂಚಿನ ಮುಂದೆಯೇ ನಿಂತಿದ್ದಳು.

"ಬಂದಿದೆ ಸಾರ್. ಅಪ್ಪಂದು ಅಪ್ಪಂದೇ, ನಿಮ್ಮದು ನಿಮ್ಮದೇ. ನಿಮ್ಮ ರಿಪೋರ್ಟಲ್ಲಿ ಏನೂ ತಪ್ಪಿಲ್ಲ. ಮನೆಗೋಗಿ ಊಟ ಮಾಡಿ."

ರಾಯರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಚಂದ್ರಮತಮ್ಮ ಮೇಲೆ ನೋಡಿ ಕೈಮುಗಿದು, ಅದೇ ಕೈಯಿಂದ ಗೌತಮಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಲೋಟವನ್ನು ಕೈಗೆ ಕೊಡದ ಕೈ ಅದು. ತನ್ನ ರೋಗ ಒರಟು ಅಂತ ಖಾತರಿಯಾದದ್ದಕ್ಕೆ ಇನ್ನೊಂದು ಸಂಸಾರ ದೇವರಿಗೆ ಕೈಮುಗಿಯುವುದನ್ನು ಕಾಳಯ್ಯ ಕಣ್ಣಾರೆ ಕಂಡ.

ಸ್ಕೂಟರು ನಿಲ್ಲಿಸಿದ ಜಾಗದಲ್ಲಿ ಮಗಳ ಮೇಲೆ ಹಾರಿಬಿದ್ದ.

"ಯಾಕ್ ಹೇಳ್ದೆ? ನಾನು ಬಂದಿಲ್ಲ ಅಂದ್ಮೇಲೆ ಬಂದಿಲ್ಲ!"

ಅಷ್ಟು ದಿನದ ಮೇಲೆ ಅವಳು ಬಾಯಿ ಬಿಟ್ಟಳು. "ನೀನು ಯಾಕೆ ಹೇಳ್ಲಿಲ್ಲ? ಅವರ ಹೊಟ್ಟೆ ಉರ‍್ಸಿದ್ರೆ ನಿನ್ನ ಗಡ್ಡೆ ಕರಗುತ್ತಾ?"

"ಆಯ್ತು, ಗಾಡಿ ತೆಗಿ. ಮನೆಗೋಗಿ ಬಟ್ಟೆ ತರ‍್ಬೇಕು. ಅಡ್ಮಿಟ್ ಆಗ್ಬೇಕಂತೆ."

ಗೌತಮಿ ಕೀಲಿಯನ್ನು ಬ್ಯಾಗಿಗೆ ಹಾಕಿ ಜಿಪ್ಪು ಎಳೆದು ಕಟ್ಟೆಯ ಮೇಲೆ ಕೂತಳು. "ತಪ್ಪಾಯ್ತು ಅನ್ನು. ಆಮೇಲೆ ಗಾಡಿ."

"ಏನೇ ಇದು, ಜನ ನೋಡ್ತಾವ್ರೆ!"

"ನೋಡ್ಲಿ. ನಿನ್ನ ಆಯಸ್ಸು ಸುರ‍್ದು ಬಂದೆ ಅಂದೆ ನೀನು. ನಾನು ಆ ಡಬ್ಬೀಲಿ ಆಮೇಲೆ ಊಟ ಮಾಡಿಲ್ಲ ಕಣಪ್ಪ. ಅಂಗಡೀಲಿ ಯಾರದ್ದೋ ಕನ್ನಡಕ ಯಾರಿಗೋ ಕೊಟ್ಬುಟ್ಟೆನಾ ಅಂತ ದಿನಾ ಎರಡೆರಡು ಸಲ ನೋಡ್ತೀನಿ. ಅನ್ನು."

ಸಾಹೇಬರುಗಳ ಮುಂದೆ ಬಗ್ಗದ ಮನುಷ್ಯ. ಬಿಸಿಲು ನೆತ್ತಿ ಸುಡುತ್ತಿತ್ತು. ಕುತ್ತಿಗೆಯ ಗಡ್ಡೆ ದವಡೆಗೆ ಒತ್ತುತ್ತಿತ್ತು, ಉಗುಳು ನುಂಗುವುದೂ ಕಷ್ಟವಾಗಿತ್ತು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಮಗಳು ಅಲುಗಾಡುವ ಲಕ್ಷಣ ಕಾಣಲಿಲ್ಲ. ಹಟ ಯಾರ ರಕ್ತದ್ದು ಅಂತ ತಿಳಿಯಲು ಯಾವ ಟೆಸ್ಟೂ ಬೇಕಿರಲಿಲ್ಲ.

"ತಪ್ಪಾಯ್ತು ಬುಡು."

"ಬುಡು ಬೇಡ. ಬರೀ ತಪ್ಪಾಯ್ತು."

"ತಪ್ಪಾಯ್ತು ಕಣವ್ವ."

ಅವಳು ಮೂಗು ಒರೆಸಿಕೊಂಡು ಬ್ಯಾಗಿನ ಜಿಪ್ಪು ತೆಗೆದಳು.

ಸಂಜೆಗೆ ಕಾಳಯ್ಯ ವಾರ್ಡಿನ ಮಂಚದ ಮೇಲಿದ್ದ. ಕಿಟಕಿಯ ಪಕ್ಕದ ಮಂಚ ಬೇಕು ಅಂತ ಜಗಳ ಮಾಡಿ ಪಡೆದಿದ್ದ. ಮದ್ದಿನ ಚೀಲ ನೇತುಹಾಕಲು ಕಂಬ ಬಂತು. ಬಸವಮ್ಮ ಹೊದಿಕೆ ಕೊಡವುತ್ತಿದ್ದಳು. ಡಾಕ್ಟರು ಸಮನ್ವಿತಾ ಕೈಗೆ ಗವುಸು ತೊಡುತ್ತಾ, "ಭಯ ಇದೆಯಾ?" ಅಂತ ಕೇಳಿದರು.

"ಭಯ ಇಲ್ಲ. ಒಂದು ಕೇಳ್ಲಾ ತಾಯಿ?"

"ಕೇಳಿ."

"ರಾಯರಿಗೆ ಮದ್ದು ಹಿಡಿದದಂತಲ್ಲ?"

"ಬೇರೆ ರೋಗಿ ವಿಷಯ ನಾನು ಹೇಳಂಗಿಲ್ಲ."

"ಹೇಳಬ್ಯಾಡಿ. ಕಣ್ಣಿಗೆ ಕಾಣ್ತದಲ್ಲ, ಇಳಿದೋಗದೆ. ಇಳೀಲಿ. ಅವರು ಎಷ್ಟ್ ವರ್ಷ ಬೇಕಾದ್ರೂ ಬದುಕ್ಲಿ, ನಾನು ಬ್ಯಾಡ ಅನ್ನಕಿಲ್ಲ." ಕಾಳಯ್ಯ ಮೊಣಕೈ ಊರಿ ಎದ್ದು ಕೂತ. "ನಂಗೆ ಅವರಿಗಿಂತ ಹದಿನೈದೇ ಹದಿನೈದು ದಿನ ಜಾಸ್ತಿ ಬೇಕು. ಅವರ ತಿಥಿ ವಡೆ ತಿಂದು, ಕೈ ತೊಳ್ಕೊಂಡು, ಆಮೇಲೆ ಹೋಗ್ತೀನಿ."

"ಥೂ ನಿನ್ನ! ಬಾಯಿಗೆ ಬರೆ ಎಳೀಬೇಕು" ಅಂದಳು ಬಸವಮ್ಮ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಮುಖ ಪಕ್ಕಕ್ಕೆ ತಿರುಗಿಸಿ, ಹತ್ತಿಗೆ ಸ್ಪಿರಿಟ್ಟು ಅದ್ದಿಕೊಂಡು ಹೇಳಿದರು:

"ಕೈ ಚಾಚಿ."